ಬಾಲ್‌ರೂಮಿನಿಂದ ಬೆಟ್ಟ ಹತ್ತಿದ ಕುಣಿತ

ಸ್ವಿಟ್ಜರ್ಲೆಂಡಿನ ಹಳ್ಳಿ ಬ್ಯಾಂಡೊಂದು ಒಂದು ಸಂಜೆ ಏನೇನು ನುಡಿಸುತ್ತದೆ ಅಂತ ಸುಮ್ನೆ ಪಟ್ಟಿ ಮಾಡಿ ನೋಡಿ. ವಾಲ್ಟ್ಸ್, ಪೋಲ್ಕಾ, ಶಾಟಿಶ್, ಮಜುರ್ಕಾ, ಮಾರ್ಚ್, ಲೆಂಡ್ಲರ್, ನಡುವೆ ಒಂದೆರಡು ಫಾಕ್ಸ್‌ಟ್ರಾಟ್. ಇಷ್ಟನ್ನೂ ಅಲ್ಲಿನವರು ನಮ್ಮ ಜನಪದ ಸಂಗೀತ ಅಂತಲೇ ಹೇಳುತ್ತಾರೆ. ಆದರೆ ಪೋಲ್ಕಾ ಬೊಹೀಮಿಯಾದ್ದು, ಅಂದರೆ ಇವತ್ತಿನ ಚೆಕ್ ನಾಡಿನದ್ದು. ಮಜುರ್ಕಾ ಪೋಲೆಂಡಿನದ್ದು. ವಾಲ್ಟ್ಸ್ ಊರೂರಿಗೆ ಹರಡಿದ್ದು ವಿಯೆನ್ನಾದಿಂದ. ಫಾಕ್ಸ್‌ಟ್ರಾಟ್ ಅಂತೂ ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಎದ್ದ ಫ್ಯಾಷನ್. ಆಲ್ಪ್ಸ್ ಪರ್ವತದ ಸ್ವಂತ ಸರಕು ಅನ್ನಬಹುದಾದ್ದು ಲೆಂಡ್ಲರ್ ಒಂದೇ. ಅದನ್ನೂ ಆಸ್ಟ್ರಿಯಾದವರು, ಬವೇರಿಯಾದವರು ಬಿಟ್ಟುಕೊಡುವುದಿಲ್ಲ.

ಹಾಗಾದರೆ ಸ್ವಿಸ್ ಜನಪದ ಕುಣಿತ ಅನ್ನುವುದು ಬರೀ ಬುರುಡೆಯಾ? ಅಲ್ಲ. ಇಲ್ಲಿ ಹಳ್ಳಿಯ ಕುಣಿತ ಬೇರೆ, ಬಾಲ್‌ರೂಮ್ ಕುಣಿತ ಬೇರೆ ಅಂತ ಎರಡು ಮನೆ ಯಾವತ್ತೂ ಇರಲಿಲ್ಲ. ನಗರದ ಬಾಲ್‌ರೂಮಿನಲ್ಲಿ ಶುರುವಾದ ಫ್ಯಾಷನ್ ಕಣಿವೆ ಹತ್ತಿತು, ಅಲ್ಲೇ ಉಳಿಯಿತು. ನಗರ ಅದನ್ನು ಮರೆತ ಮೇಲೂ ಹಳ್ಳಿ ಮರೆಯಲಿಲ್ಲ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಅದು ಅಜ್ಜನ ಕಾಲದ ಕುಣಿತ ಆಗಿಬಿಟ್ಟಿತು. ಇದು ಜನಪದ, ಇದು ಬಾಲ್‌ರೂಮ್ ಅಂತ ಗೆರೆ ಎಳೆದಿದ್ದು 20ನೇ ಶತಮಾನದವರು. ಅದಕ್ಕೆ ರಾಜಕೀಯ ಕಾರಣವೂ ಇತ್ತು.

ಏಳು ಜನರಿಂದ ಏಳುನೂರು ಜನ

ಜೋಡಿ ಕುಣಿತಕ್ಕಿಂತ ಹಳೆಯದು ಕೈ ಕೈ ಹಿಡಿದು ಕುಣಿಯುವ ಸರಪಳಿ ಕುಣಿತ. ಫ್ರೆಂಚ್ ಮಾತಾಡುವ ಗ್ರುಯೇರ್ ಸೀಮೆಯಲ್ಲಿ ಇದರ ಹೆಸರು ಕೊರೋಲ್. ವಾದ್ಯ ಬೇಕಿಲ್ಲ. ಕುಣಿಯುವವರೇ ಹಾಡುತ್ತಾರೆ. ಅಲ್ಲೊಂದು ಹಳೇ ಕಥೆ ಇದೆ. ಒಂದು ಭಾನುವಾರ ಸಂಜೆ ಗ್ರುಯೇರ್ ಕೋಟೆಯ ಮುಂದೆ ಏಳು ಜನ ಕೊರೋಲ್ ಶುರು ಮಾಡಿದರಂತೆ. ಊರಿನ ದೊರೆಯೂ ಸೇರಿಕೊಂಡ. ಸಾಲು ಕುಣಿಯುತ್ತಲೇ ಕಣಿವೆ ಹತ್ತಿತು. ಹಳ್ಳಿ ಹಳ್ಳಿಯಲ್ಲೂ ಜನ ಬಂದು ಕೈ ಹಿಡಿದರು. ಮಂಗಳವಾರ ಬೆಳಗ್ಗೆ ಸಾನೆನ್ ಪೇಟೆಯ ಸಂತೆ ಬೀದಿಯಲ್ಲಿ ಸಾಲು ನಿಂತಾಗ ಏಳುನೂರು ಜನ ಇದ್ದರಂತೆ. ಕಥೆ ನಿಜವೋ ಅಲ್ಲವೋ, ಸರಪಳಿ ಕುಣಿತದ ಗುಣ ಮಾತ್ರ ಸರಿಯಾಗಿ ಹೇಳುತ್ತದೆ: ಯಾರು ಬೇಕಾದರೂ ಸೇರಬಹುದು, ಎಲ್ಲಿ ಬೇಕಾದರೂ ಸೇರಬಹುದು.

16ನೇ ಶತಮಾನದಲ್ಲಿ ಕ್ಯಾಥೊಲಿಕ್ ಚರ್ಚಿನಿಂದ ಒಡೆದು ಪ್ರಾಟೆಸ್ಟೆಂಟ್ ಪಂಥ ಕಟ್ಟಿದ ಧರ್ಮ ಸುಧಾರಣೆ ಬಂತು. ಅದರ ಮುಂದಾಳುಗಳು ಜ್ಯೂರಿಕ್‌ನಲ್ಲಿ ಜ್ವಿಂಗ್ಲಿ, ಜಿನೀವಾದಲ್ಲಿ ಕ್ಯಾಲ್ವಿನ್. ಕುಣಿತ ಪಾಪದ ಪಟ್ಟಿಗೆ ಸೇರಿತು. ಬರ್ನ್ ನಗರ ಆಳುತ್ತಿದ್ದ ಸೀಮೆಯಲ್ಲಿ ಪ್ರತಿ ಪ್ಯಾರಿಷ್‌ಗೂ (ಒಂದು ಚರ್ಚಿಗೆ ಸೇರಿದ ಪ್ರದೇಶಕ್ಕೂ) ಒಂದು ನೀತಿ ಕೋರ್ಟು. ಕುಣಿದವರಿಗೆ ದಂಡ, ನುಡಿಸಿದವರಿಗೂ ದಂಡ. ಜನ ಮಾತು ಕೇಳಿದರಾ? ಅದೇ ಆಜ್ಞೆಯನ್ನು ಮತ್ತೆ ಮತ್ತೆ ಹೊರಡಿಸಬೇಕಾಗಿ ಬಂತು ಅಂದರೆ ಉತ್ತರ ಗೊತ್ತಾಗುತ್ತದೆ, ಅಲ್ವಾ? 1546ರಲ್ಲಿ ಜಿನೀವಾದ ಒಂದು ಮದುವೆಯಲ್ಲಿ ದೊಡ್ಡ ಮನುಷ್ಯರೇ ಕುಣಿದು ಸಿಕ್ಕಿಬಿದ್ದರು. ಅವರಲ್ಲಿ ಸೈನ್ಯದ ನಾಯಕ ಅಮಿ ಪೆರಾನ್ ಇದ್ದ, ಅವನ ಹೆಂಡತಿ ಇದ್ದಳು. ನೀತಿ ಕೋರ್ಟಿನಲ್ಲಿ ಕೂತು ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದ ಅಂಬ್ಲಾರ್ ಕೋರ್ನ್ ಕೂಡ ಇದ್ದ. ಮೊದಲು ಇಲ್ಲವೇ ಇಲ್ಲ ಅಂದರು. ಆಮೇಲೆ ಒಪ್ಪಿಕೊಂಡರು. ಜೈಲೂ ಆಯಿತು.

ಕ್ಯಾಥೊಲಿಕ್ ಆಗಿಯೇ ಉಳಿದ ಕ್ಯಾಂಟನ್‌ಗಳೂ (ಸ್ವಿಸ್ ರಾಜ್ಯಗಳಿಗೆ ಈ ಹೆಸರು) ಪೂರ್ತಿ ಸಡಿಲ ಇರಲಿಲ್ಲ. ಆದರೆ ಅಲ್ಲಿ ಹಬ್ಬ ಜಾಸ್ತಿ. ಲೆಂಟ್ ಉಪವಾಸಕ್ಕೆ ಮೊದಲಿನ ಫಾಸ್‌ನಾಕ್ಟ್, ಚರ್ಚಿನ ವಾರ್ಷಿಕ ಜಾತ್ರೆಯಾದ ಖಿಲ್ಬಿ, ಮದುವೆಗಳು. ಈ ದಿನಗಳಲ್ಲಿ ಕುಣಿಯಬಹುದಿತ್ತು. ಇವತ್ತು ಸ್ವಿಸ್ ಹಳ್ಳಿ ಕುಣಿತ ಅಂದ ಕೂಡಲೇ ಶ್ವೀಟ್ಸ್, ಉರಿ, ಅಪೆನ್ಸೆಲ್‌ನ ಒಳಭಾಗ ಅನ್ನುವ ಕ್ಯಾಥೊಲಿಕ್ ಸೀಮೆಗಳು ನೆನಪಾಗುವುದಕ್ಕೆ ಇದೂ ಒಂದು ಕಾರಣ. ಹಬ್ಬ ಉಳಿದಲ್ಲಿ ಕುಣಿತವೂ ಉಳಿಯಿತು. ನಿಷೇಧದ ನೆರಳು ಮಾತ್ರ ಬಹಳ ದೂರ ಬಂತು. ಗುಡ್ ಫ್ರೈಡೆಯಂಥ ದಿನಗಳಲ್ಲಿ ಸಾರ್ವಜನಿಕವಾಗಿ ಕುಣಿಯಬಾರದು ಅನ್ನುವ ಕಾನೂನು ಕೆಲವು ಕ್ಯಾಂಟನ್‌ಗಳಲ್ಲಿ 21ನೇ ಶತಮಾನದವರೆಗೂ ಇತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್‌ನವರ ಬೇರೂ ಇಂಥ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್ ಭಕ್ತಿಯಲ್ಲೇ ಇತ್ತು. ಕುಣಿತ ಅಂದರೆ ಮೂಗು ಮುರಿಯುವ ಪಂಗಡ ಅದು.

ರೂಸೋ ಕಂಡ ಬೀದಿ ಕುಣಿತ

ಜಿನೀವಾದವನೇ ಆದ ತತ್ವಜ್ಞಾನಿ ರೂಸೋ 1758ರಲ್ಲಿ ತನ್ನ ಬಾಲ್ಯದ ಒಂದು ರಾತ್ರಿಯ ಬಗ್ಗೆ ಬರೆದಿದ್ದಾನೆ. ಸೇಂಟ್ ಜರ್ವೇ ಕೇರಿಯ ನಾಗರಿಕ ಸೈನ್ಯ ಕವಾಯತು ಮುಗಿಸಿ ಊಟ ಮಾಡಿತ್ತು. ಆಮೇಲೆ ಎಲ್ಲರೂ ಚೌಕದ ಕಾರಂಜಿಯ ಸುತ್ತ ಕುಣಿಯತೊಡಗಿದರು. ಅಧಿಕಾರಿ, ಸಿಪಾಯಿ ಅಂತ ಭೇದ ಇಲ್ಲ. ಕಾರಂಜಿಯ ಕಟ್ಟೆ ಮೇಲೆ ಡೋಲಿನವರು, ಕೊಳಲಿನವರು, ಪಂಜು ಹಿಡಿದವರು. ಹೆಂಗಸರು ಮೊದಲು ಕಿಟಕಿಯಲ್ಲಿ ನಿಂತು ನೋಡಿದರು. ತಡೆಯಲಾಗಲಿಲ್ಲ, ಇಳಿದು ಬಂದರು. ವೈನ್ ಬಂತು. ಮಲಗಿದ್ದ ಮಕ್ಕಳೂ ಅರೆಬರೆ ಬಟ್ಟೆಯಲ್ಲಿ ಎದ್ದು ಓಡಿ ಬಂದರು. ರೂಸೋನ ಅಪ್ಪ ಮಗನನ್ನು ತಬ್ಬಿಕೊಂಡು ನಡುಗಿದನಂತೆ, ನಿನ್ನ ನಾಡನ್ನು ಪ್ರೀತಿಸು ಅಂದನಂತೆ.

ಜಿನೀವಾಕ್ಕೆ ನಾಟಕ ಶಾಲೆ ಬೇಡ ಅಂತ ವಾದ ಮಾಡುವಾಗ ರೂಸೋ ಈ ನೆನಪು ತಂದಿದ್ದು. ನಾಟಕ ಬೇಡ ಅಂದವನು ಬಾಲ್, ಅಂದರೆ ಕುಣಿತದ ಕೂಟ, ಮಾತ್ರ ಬೇಕು ಅಂದ! ಚಳಿಗಾಲದಲ್ಲಿ ಮದುವೆ ವಯಸ್ಸಿನ ಹುಡುಗ ಹುಡುಗಿಯರಿಗೆ ಸಾರ್ವಜನಿಕ ಕುಣಿತ ಏರ್ಪಡಿಸಿ. ಅಪ್ಪ ಅಮ್ಮ, ಅಜ್ಜ ಅಜ್ಜಿ ಕೂತು ನೋಡಲಿ. ಮೇಲುಸ್ತುವಾರಿಗೆ ನಗರದ ಅಧಿಕಾರಿಯೇ ಇರಲಿ. ಚೆನ್ನಾಗಿ ನಡೆದುಕೊಂಡ ಹುಡುಗಿಗೆ ಬಾಲ್‌ನ ರಾಣಿ ಅಂತ ಕಿರೀಟ ಇಡಿ. ಅವಳಿಗೆ ಆ ವರ್ಷವೇ ಮದುವೆಯಾದರೆ ನಗರದಿಂದ ಉಡುಗೊರೆ ಕೊಡಿ. ಕ್ಯಾಲ್ವಿನ್ ಪಾಪ ಅಂದಿದ್ದು ಇನ್ನೂರು ವರ್ಷದ ನಂತರ ಅದೇ ಊರಿನವನ ಬಾಯಲ್ಲಿ ನಾಗರಿಕರ ಕರ್ತವ್ಯದಂತೆ ಆಯಿತು. ನನಗಂತೂ ಇಡೀ ಕಥೆಯಲ್ಲಿ ಇದಕ್ಕಿಂತ ಮಜವಾದ ತಿರುವು ಕಂಡಿಲ್ಲ.

ಅಷ್ಟರಲ್ಲಿ ಹೊರಗಿನ ಕುಣಿತಗಳು ಒಳಗೆ ಬರುತ್ತಲೇ ಇದ್ದವು. ತಂದವರಲ್ಲಿ ಕೂಲಿ ಸೈನಿಕರು ಮುಖ್ಯ. ಬೆಟ್ಟದ ಬಡತನದಿಂದ ಹೊರಟ ಸ್ವಿಸ್ ಗಂಡಸರು ಶತಮಾನಗಟ್ಟಲೆ ಫ್ರಾನ್ಸಿನ ರಾಜರಿಗೆ, ಬೇರೆ ದೊರೆಗಳಿಗೆ ಯುದ್ಧ ಮಾಡಿದರು. ನಮ್ಮ ಶ್ರೀರಂಗಪಟ್ಟಣಕ್ಕೂ ಬಂದಿದ್ದರು. ನ್ಯೂಶಾಟೆಲ್‌ನ ದ ಮ್ಯೂರೊನ್ ಕಟ್ಟಿದ್ದ ರೆಜಿಮೆಂಟು 1799ರಲ್ಲಿ ಟಿಪ್ಪುವಿನ ಮೇಲೆ ಇಂಗ್ಲಿಷರ ಪರವಾಗಿ ಹೋರಾಡಿತು. ಆ ರೆಜಿಮೆಂಟಿನವರ ಗೋರಿಗಳು ಈಗಲೂ ಕಾವೇರಿ ದಡದ ಗ್ಯಾರಿಸನ್ ಸ್ಮಶಾನದಲ್ಲಿವೆ. ಯೂರೋಪಿನ ಸೇವೆಯಿಂದ ಬದುಕಿ ಊರಿಗೆ ಮರಳಿದವರು ಪೆನ್ಷನ್ ಜೊತೆಗೆ ಹೊಸ ಟ್ಯೂನು, ಹೊಸ ಹೆಜ್ಜೆಯನ್ನೂ ತಂದರು.

ಸುತ್ತುವ ಕಾಲ

19ನೇ ಶತಮಾನ ಜೋಡಿ ಕುಣಿತದ ಶತಮಾನ. ಅದಕ್ಕೂ ಮೊದಲು ಲೆಂಡ್ಲರ್ ಇತ್ತು. ಮೂರು ಎಣಿಕೆಯ ನಿಧಾನ ತಾಳ. ಗಂಡು ಹೆಣ್ಣು ಕೈ ಹಿಡಿದು, ಒಬ್ಬರ ತೋಳಿನ ಅಡಿ ಇನ್ನೊಬ್ಬರು ನುಸುಳಿ, ಬಿಟ್ಟು, ಮತ್ತೆ ಸೇರಿ ಸುತ್ತುವುದು. ವಾಲ್ಟ್ಸ್ ಹುಟ್ಟಿದ್ದು ಇಂಥ ಕುಣಿತಗಳಿಂದಲೇ. ನಗರದ ನುಣುಪು ನೆಲಕ್ಕೆ ಹೋದಾಗ ಅದರ ವೇಗ ಹೆಚ್ಚಿತು, ಹೆಜ್ಜೆ ಜಾರತೊಡಗಿತು, ಜೋಡಿ ಹತ್ತಿರ ಬಂತು. 1814-15ರ ವಿಯೆನ್ನಾ ಕಾಂಗ್ರೆಸ್ ಹೊತ್ತಿಗೆ ದೊರೆಗಳೇ ವಾಲ್ಟ್ಸ್ ಕುಣಿಯುತ್ತಿದ್ದರು. ಆಮೇಲೆ ಅದೇ ವಾಲ್ಟ್ಸ್ ಹೊಸ ಫ್ಯಾಷನ್ ಅಂತ ಬೆಟ್ಟಕ್ಕೆ ವಾಪಸ್ ಬಂತು. ಊರಿನ ಹುಡುಗ ಪಟ್ಟಣಕ್ಕೆ ಹೋಗಿ ಸೂಟು ಹಾಕಿಕೊಂಡು ಬಂದ ಹಾಗೆ.

1844ರಲ್ಲಿ ಪ್ಯಾರಿಸ್ಸಿಗೆ ಪೋಲ್ಕಾ ಹುಚ್ಚು ಹಿಡಿಯಿತು. ಅದರ ಬೆನ್ನಿಗೆ ಶಾಟಿಶ್, ಮಜುರ್ಕಾ. ಮೂರೂ ಸ್ವಿಸ್ ಕಣಿವೆಗಳಿಗೆ ಬಂದವು, ಮತ್ತೆ ಹೋಗಲಿಲ್ಲ. ಇವುಗಳನ್ನು ಕಿವಿಯಿಂದಲೇ ಗುರುತಿಸುವುದು ಕಷ್ಟವಲ್ಲ. ಚುರುಕಾಗಿ ಎರಡೆರಡು ಎಣಿಸಲು ಬಂದರೆ ಪೋಲ್ಕಾ. ಅದೇ ಸ್ವಲ್ಪ ನಿಧಾನವಾಗಿ, ಪುಟಿಯುವಂತೆ ಕೇಳಿದರೆ ಶಾಟಿಶ್. ಮೂರು ಎಣಿಕೆಯಲ್ಲಿ ಒತ್ತು ಮೊದಲನೆಯದರ ಮೇಲೆ ಬಿದ್ದು ಸರಾಗವಾಗಿ ಸುತ್ತಿದರೆ ವಾಲ್ಟ್ಸ್. ಒತ್ತು ಎರಡನೆಯದಕ್ಕೋ ಮೂರನೆಯದಕ್ಕೋ ಜಾರಿದರೆ ಮಜುರ್ಕಾ.

ಶಾಟಿಶ್‌ನ ಹೆಜ್ಜೆ ಹೀಗಿದೆ. ಒಂದು ಪಕ್ಕಕ್ಕೆ ಮೂರು ಹೆಜ್ಜೆ, ನಾಲ್ಕನೆಯದಕ್ಕೆ ಒಂದು ಸಣ್ಣ ಕುಪ್ಪಳಿಕೆ. ಇನ್ನೊಂದು ಪಕ್ಕಕ್ಕೂ ಅಷ್ಟೇ. ಆಮೇಲೆ ಜೋಡಿಯಾಗಿ ಸುತ್ತುತ್ತಾ ಹೆಜ್ಜೆ, ಕುಪ್ಪಳಿಕೆ, ಹೆಜ್ಜೆ, ಕುಪ್ಪಳಿಕೆ. ಹೀಗೆ ನಾಲ್ಕು ಸಲ. ಮತ್ತೆ ಮೊದಲಿಂದ. ಬಾಲ್‌ರೂಮಿನಲ್ಲಿ ಇದು ನಾಜೂಕು. ಮೊಳೆ ಹೊಡೆದ ಬೂಟು ಹಾಕಿ ಮರದ ಹಲಗೆ ಮೇಲೆ ಕುಣಿದರೆ ಕಥೆಯೇ ಬೇರೆ. ಹಳ್ಳಿಯವರು ಪ್ಯಾರಿಸ್ಸಿನ ಹೆಜ್ಜೆಗೆ ತಮ್ಮದೂ ಸೇರಿಸಿದರು. ಮಧ್ಯ ಸ್ವಿಟ್ಜರ್ಲೆಂಡಿನಲ್ಲಿ ಬೋಡೆಲೆ ಅಂತ ಒಂದು ವರಸೆ ಇದೆ. ಟ್ಯೂನು ಕಾವೇರಿದಾಗ ಗಂಡಸು ಹಿಮ್ಮಡಿಯನ್ನೂ ತುದಿಗಾಲನ್ನೂ ನೆಲಕ್ಕೆ ಬಡಿದು ತಾಳ ಹಾಕುತ್ತಾನೆ. ಲೆಂಡ್ಲರ್ ತಂಡದಲ್ಲಿ (ಹಳ್ಳಿ ಬ್ಯಾಂಡಿಗೂ ಅದರ ಸಂಗೀತಕ್ಕೂ ಈ ಕುಣಿತದ ಹೆಸರೇ) ಸಾಮಾನ್ಯವಾಗಿ ಡ್ರಮ್ ಇರುವುದಿಲ್ಲ. ಆ ಕೊರತೆ ತುಂಬುವುದು ಈ ಕಾಲುಗಳೇ. ಶ್ವೀಟ್ಸ್ ಕಡೆಯ ಗಾಯರ್ಲೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ: ಗಂಡಸು ಜಿಗಿದು, ಕೈ ತಟ್ಟಿ, ಹೆಣ್ಣಿನ ಸುತ್ತ ಸುಳಿದು ಓಲೈಸುತ್ತಾನೆ. ಅಪೆನ್ಸೆಲ್‌ನ ಹಿಯೆರಿಗ್‌ನಲ್ಲಿ ಒಂದೇ ಜೋಡಿ. ಪ್ರೀತಿ, ಜಗಳ, ಮತ್ತೆ ರಾಜಿ. ಮಾತಿಲ್ಲದೆ ಪೂರ್ತಿ ಸಂಸಾರವನ್ನೇ ಕುಣಿದು ತೋರಿಸುತ್ತಾರೆ.

ಒಂದು ಪೆಟ್ಟಿಗೆ, ಒಬ್ಬ ಕುರುಡ

ವಾದ್ಯ ಬದಲಾದರೆ ಕುಣಿತವೂ ಬದಲಾಗುತ್ತದೆ. ಮೊದಲು ಹಳ್ಳಿಯ ಕುಣಿತಕ್ಕೆ ಪಿಟೀಲು, ಕ್ಲಾರಿನೆಟ್, ಬಾಸ್, ಕೆಲವು ಕಡೆ ತುತ್ತೂರಿ ಇರುತ್ತಿತ್ತು. ಅಪೆನ್ಸೆಲ್‌ನಲ್ಲಿ ಈಗಲೂ ಎರಡು ಪಿಟೀಲು, ಚೆಲ್ಲೊ, ಬಾಸ್ ಮತ್ತು ಹಾಕ್‌ಬ್ರೆಟ್. ಈ ಹಾಕ್‌ಬ್ರೆಟ್ ನಮ್ಮ ಸಂತೂರಿನ ದಾಯಾದಿ. ಕೋಲಿನಿಂದ ತಂತಿ ಬಡಿದು ನುಡಿಸುವುದು. ಇಷ್ಟು ಜನರಿಗೆ ಕೂಲಿ, ಊಟ, ಕುಡಿತ ಕೊಡಲು ಸಣ್ಣ ಹೋಟೆಲಿನವನಿಗೆ ಎಲ್ಲಿ ಸಾಧ್ಯ?

1880ರ ದಶಕದ ಹೊತ್ತಿಗೆ ಶ್ವೀಟ್ಸ್ ಕ್ಯಾಂಟನ್ನಿನಲ್ಲಿ ಶ್ವೀಟ್ಸರ್‌ಓರ್ಗೆಲಿ ಅನ್ನುವ ಸಣ್ಣ ಅಕಾರ್ಡಿಯನ್ ತಯಾರಾಗತೊಡಗಿತು. ಬಲಗೈಗೆ ಸ್ವರದ ಗುಂಡಿಗಳು, ಎಡಗೈಗೆ ಬಾಸ್. ಒಂದೇ ಗುಂಡಿ ತಿದಿ ಎಳೆದಾಗ ಒಂದು ಸ್ವರ, ಒತ್ತಿದಾಗ ಇನ್ನೊಂದು. ಹಾಗಾಗಿ ನುಡಿಸುವವನ ತೋಳು ಸುಮ್ಮನಿರುವುದಿಲ್ಲ. ಎಳೆ, ಒತ್ತು, ಎಳೆ, ಒತ್ತು ಅನ್ನುವ ಆ ಜಗ್ಗಾಟವೇ ಸಂಗೀತಕ್ಕೆ ಚುರುಕು ಕೊಡುತ್ತದೆ. ಒಬ್ಬನೇ ರಾಗ, ತಾಳ ಎರಡನ್ನೂ ನೋಡಿಕೊಳ್ಳಬಲ್ಲ. ಬಡ ಹಳ್ಳಿಯ ಕೊಟ್ಟಿಗೆಯಲ್ಲೂ ಕುಣಿತ ಇಡಬಹುದಾಯಿತು. ಪಿಟೀಲು ಹಿಂದೆ ಸರಿಯಿತು.

ಇವನ್ನೆಲ್ಲ ನುಡಿಸಿದವರು ಯಾರು ಅನ್ನುವುದು ಸ್ವಲ್ಪ ನೋವಿನ ಅಧ್ಯಾಯ. ಗ್ರಾವ್‌ಬುಂಡನ್ ಕ್ಯಾಂಟನ್ನಿನಲ್ಲಿ ಒಳ್ಳೊಳ್ಳೆ ವಾದಕರು ಯೆನಿಷ್ ಅನ್ನುವ ಅಲೆಮಾರಿ ಸಮುದಾಯದಿಂದ ಬಂದವರು. ಪಾತ್ರೆ ರಿಪೇರಿ, ಬುಟ್ಟಿ ಹೆಣೆಯುವುದು, ಕತ್ತರಿ ಸಾಣೆ ಹಿಡಿಯುವುದು ಇವರ ಕಸುಬು. ಹಬ್ಬ ಬಂದರೆ ವಾದ್ಯ. ಫ್ರೆಂಜ್ಲಿ ಅಂತ ಜನ ಕರೆಯುತ್ತಿದ್ದ ಫ್ರಾಂಜ್ ಜೋಸೆಫ್ ವಾಸರ್ (1858-1895) ಕುರುಡ. ಪಿಟೀಲು ಹಿಡಿದು ಎಂಗಡೀನ್ ಕಣಿವೆಯ ಊರೂರು ಕುಣಿಸಿದ. ಅವನ ತಂಡದ ಶೈಲಿಗೆ ಇವತ್ತಿಗೂ ಅವನದೇ ಹೆಸರು.

1926 ಅನ್ನುವ ಇಸವಿ ನೋಡಿ. ಆ ವರ್ಷ ಲೂಸರ್ನ್‌ನಲ್ಲಿ ಸ್ವಿಸ್ ಸಾಂಪ್ರದಾಯಿಕ ಉಡುಗೆಯ ರಾಷ್ಟ್ರೀಯ ಸಂಘ ಶುರುವಾಯಿತು. ಜನಪದವನ್ನು ಉಳಿಸಬೇಕು ಅಂತ. ಅದೇ ವರ್ಷ ಪ್ರೊ ಯುವೆಂಟೂಟೆ ಸಂಸ್ಥೆ ‘ರಸ್ತೆಯ ಮಕ್ಕಳು’ ಅನ್ನುವ ಯೋಜನೆ ಶುರು ಮಾಡಿತು. ಯೆನಿಷ್ ಮಕ್ಕಳನ್ನು ಅಪ್ಪ ಅಮ್ಮನಿಂದ ಕಿತ್ತು ಅನಾಥಾಲಯಕ್ಕೆ, ಬೇರೆ ಮನೆಗಳಿಗೆ ಸೇರಿಸುವ ಯೋಜನೆ ಅದು. 1973ರವರೆಗೆ ನಡೆಯಿತು. ಸುಮಾರು 600 ಮಕ್ಕಳು ಮನೆ ಕಳೆದುಕೊಂಡರು. ಟ್ಯೂನು ನಮ್ಮದು, ನುಡಿಸಿದವನು ನಮ್ಮವನಲ್ಲ!

ಗೆರೆ ಎಳೆದವರು

1920ರ ದಶಕದಲ್ಲಿ ಲೆಂಡ್ಲರ್ ಸಂಗೀತ ನಗರಕ್ಕೆ ಬಂತು. ಕೆಲಸ ಹುಡುಕಿ ಜ್ಯೂರಿಕ್‌ಗೆ ಬಂದ ಹಳ್ಳಿಗರಿಗೆ ಊರ ನೆನಪು ಬೇಕಿತ್ತು. ಶ್ವೀಟ್ಸ್ ಕ್ಯಾಂಟನ್ನಿನ ಸ್ಟೊಕರ್ ಸೆಪ್ (1898-1949) ಅದನ್ನು ಸರಿಯಾಗಿ ಹಿಡಿದ. ತಂಡ ಕಟ್ಟಿದ, ರೈತರ ವೇಷ ಹಾಕಿಸಿದ, ಗ್ರಾಮಫೋನ್ ರೆಕಾರ್ಡ್ ಮಾಡಿಸಿದ. ಕ್ಲಾರಿನೆಟ್‌ನ ಕಾಸಿ ಗೈಸರ್ (1899-1943) ನೂರಾರು ಟ್ಯೂನ್ ಕಟ್ಟಿದ. ಇವರು ಶುದ್ಧಿ ಗಿದ್ಧಿ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಸ್ಯಾಕ್ಸೊಫೋನ್ ಬಂತು, ಜಾಜ್ ಬಂತು. ಫಾಕ್ಸ್‌ಟ್ರಾಟ್ ಪಟ್ಟಿಗೆ ಸೇರಿದ್ದು ಹೀಗೆ. ಪೋಲ್ಕಾ ಕಣಿವೆ ಹತ್ತಿದ ದಾರಿಯಲ್ಲೇ ಇದೂ ಹತ್ತಿತು.

1930ರ ದಶಕದಲ್ಲಿ ಪಕ್ಕದ ಜರ್ಮನಿಯಲ್ಲಿ ಹಿಟ್ಲರ್, ಇಟಲಿಯಲ್ಲಿ ಮುಸೊಲಿನಿ. ಭಾಷೆ ಮೂರು ನಾಲ್ಕು ಇರುವ ಪುಟ್ಟ ದೇಶಕ್ಕೆ ನಾವು ಯಾರು ಅಂತ ಹೇಳಿಕೊಳ್ಳುವ ತುರ್ತು ಬಂತು. ‘ಮನಸ್ಸಿನ ಮೂಲಕ ದೇಶ ರಕ್ಷಣೆ’ ಅಂತಲೇ ಒಂದು ಚಳವಳಿ ನಡೆಯಿತು. ನಗರದ ಪಬ್ಬಿನಲ್ಲಿ ಜಾಜ್ ಜೊತೆ ಬೆರೆತಿದ್ದ ಲೆಂಡ್ಲರ್ ಈಗ ಏಕಾಏಕಿ ರಾಷ್ಟ್ರೀಯ ಸಂಗೀತವಾಯಿತು. ಸ್ಯಾಕ್ಸೊಫೋನ್ ನಮ್ಮದಲ್ಲ ಅಂತ ಗೊಣಗಾಟ ಶುರುವಾಯಿತು. ಆದರೂ 1939ರ ಜ್ಯೂರಿಕ್ ರಾಷ್ಟ್ರೀಯ ಪ್ರದರ್ಶನದಲ್ಲಿ ಎರಡೂ ಇದ್ದವು: ಒಂದು ಕಡೆ ಮಾದರಿ ಹಳ್ಳಿ, ಇನ್ನೊಂದು ಕಡೆ ಬರ್ಲಿನ್‌ನಲ್ಲಿ ಹೆಸರು ಮಾಡಿ ಬಂದ ಟೆಡ್ಡಿ ಸ್ಟೌಫರ್‌ನ ಸ್ವಿಂಗ್ ಬ್ಯಾಂಡು.

ಉಡುಗೆ ಸಂಘದವರು ಕುಣಿತವನ್ನೂ ಕೈಗೆತ್ತಿಕೊಂಡರು. ಲೂಯಿಸ್ ವಿಟ್ಸಿಗ್ ಅನ್ನುವ ಮಹಿಳೆ ಹಳೆಯ ಕುಣಿತಗಳನ್ನು ಹುಡುಕಿ, ಹೆಜ್ಜೆ ಬರೆದಿಟ್ಟು, ತಂಡಗಳಿಗೆ ಕಲಿಸಿದರು. ಹಳೆಯ ಶೈಲಿಯಲ್ಲಿ ಹೊಸದಾಗಿ ಕಟ್ಟಿದ ಕುಣಿತಗಳೂ ಬಂದವು. ಇವತ್ತು ವೇದಿಕೆ ಮೇಲೆ ಎಂಟು ಜೋಡಿ ಕಸೂತಿ ಉಡುಗೆಯಲ್ಲಿ ಕುಣಿಯುವ ಎಷ್ಟೋ ‘ಜನಪದ ನೃತ್ಯ’ಗಳಿಗೆ ಹೆಜ್ಜೆ ಕಟ್ಟಿದವರ ಹೆಸರು, ಟ್ಯೂನ್ ಬರೆದವರ ಹೆಸರು ಎರಡೂ ಇದೆ. ಅದರಲ್ಲಿ ತಪ್ಪೇನಿಲ್ಲ. ನೂರಾರು ವರ್ಷದ್ದು ಅಂತ ಟಿಕೆಟ್ ಮಾರುವವರ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ.

ಗೆರೆ ಎಳೆದವರಲ್ಲಿ ನನಗೆ ಇಷ್ಟವಾದವರು ಬಾಸೆಲ್ ಸೀಮೆಯ ಹ್ಯಾನಿ ಕ್ರಿಸ್ಟೆನ್ (1899-1976). ಅವರಿಗೆ ಅಕಾರ್ಡಿಯನ್ ಕಂಡರೆ ಆಗದು. ಎಲ್ಲ ಹಾಳು ಮಾಡಿದ್ದು ಇದೇ ಅಂತ ಅವರ ಸಿಟ್ಟು. ಊರೂರು ತಿರುಗಿ, ಮುದುಕರ ಹಳೆಯ ನೋಟ್ ಪುಸ್ತಕ ಹುಡುಕಿ, ಪಿಟೀಲಿನ ಕಾಲದ ಕುಣಿತದ ಟ್ಯೂನುಗಳನ್ನು ಕೂಡಿಸಿದರು. ಒಟ್ಟು 10,000ಕ್ಕೂ ಹೆಚ್ಚು. ಬದುಕಿದ್ದಾಗ ಯಾರೂ ಅಷ್ಟಾಗಿ ಕೇಳಲಿಲ್ಲ. ಸಂಗ್ರಹ ಬಾಸೆಲ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಬಿದ್ದಿತ್ತು. 1990ರ ದಶಕದಲ್ಲಿ ಮತ್ತೆ ಕಣ್ಣಿಗೆ ಬಿತ್ತು. 2002ರಲ್ಲಿ ಹತ್ತು ಸಂಪುಟವಾಗಿ ಅಚ್ಚಾಯಿತು. ತಮಾಷೆ ಅಂದರೆ, ಅದರ ತುಂಬಾ ಇರುವುದು ಪೋಲ್ಕಾ, ಶಾಟಿಶ್, ಮಜುರ್ಕಾ, ವಾಲ್ಟ್ಸ್. ಅಕಾರ್ಡಿಯನ್‌ಗಿಂತ ಹಳೆಯದು ಅಂತ ಹುಡುಕಿ ಹೊರಟವರಿಗೆ ಸಿಕ್ಕಿದ್ದೂ ಹಳೆಯ ಬಾಲ್‌ರೂಮೇ.

ಇತ್ತ ಬಾಲ್‌ರೂಮ್ ಕುಣಿತ ಕ್ಲಾಸು, ಪರೀಕ್ಷೆ, ಪಂದ್ಯ ಅಂತ ಬೇರೆ ದಾರಿ ಹಿಡಿಯಿತು. ಸೇಂಟ್ ಮೊರಿಟ್ಸ್, ಮೊಂಟ್ರುವಿನ ದೊಡ್ಡ ಹೋಟೆಲುಗಳಲ್ಲಿ ವಿದೇಶಿ ಅತಿಥಿಗಳಿಗೆ ಸಂಜೆ ಚಹದ ಜೊತೆ ಕುಣಿತ. ಆಮೇಲೆ ಕುಣಿತ ಕ್ರೀಡೆಯಾಯಿತು. 1957ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಡಾನ್ಸ್ ಸ್ಪೋರ್ಟ್ ಒಕ್ಕೂಟಕ್ಕೆ 1997ರಲ್ಲಿ ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕಿತು. ಅದರ ಕಚೇರಿ ಇರುವುದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕ್ ಡಾನ್ಸ್ ನಡೆದದ್ದು ಇದೇ ಒಕ್ಕೂಟದ ಉಸ್ತುವಾರಿಯಲ್ಲಿ. ಬ್ರೇಕ್ ಡಾನ್ಸನ್ನೂ ಬೆಟ್ಟದ ಮೇಲಿನವರು ಒಂದು ದಿನ ತಮ್ಮದು ಅಂದರೆ ನನಗೆ ಆಶ್ಚರ್ಯವಾಗದು.

ಸ್ವಿಟ್ಜರ್ಲೆಂಡಿಗೆ ಹೋಗುವವರಿಗೆ ಒಂದು ಮಾತು. ಪ್ರವಾಸಿಗರಿಗಾಗಿ ಊಟದ ಜೊತೆ ಇಡುವ ಜನಪದ ಶೋ ನೋಡಿದರೆ ನೋಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಶ್ಟುಬೆಟೆ ಎಲ್ಲಿ ನಡೆಯುತ್ತದೆ ಅಂತ ವಿಚಾರಿಸಿ. ಹಳ್ಳಿಯ ಹೋಟೆಲಿನಲ್ಲೋ ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿನಲ್ಲೋ ವಾದ್ಯದವರು ಸೇರಿ ಸುಮ್ನೆ ನುಡಿಸುವ ಸಂಜೆ ಅದು. ಅಲ್ಲಿ ಉಡುಗೆ ಕಡ್ಡಾಯವಲ್ಲ. ಜೀನ್ಸ್ ಹಾಕಿದವರೂ ಎದ್ದು ಕುಣಿಯುತ್ತಾರೆ. ನಿಮ್ಮನ್ನೂ ಯಾರಾದರೂ ಕರೆದರೆ ವಾಲ್ಟ್ಸ್‌ಗೆ ಏಳಬೇಡಿ, ತಲೆ ತಿರುಗುತ್ತದೆ. ಶಾಟಿಶ್ ಬರುವವರೆಗೆ ಕಾಯಿರಿ. ಅದಕ್ಕೆ ನಾಲ್ಕರವರೆಗೆ ಎಣಿಸಲು ಬಂದರೆ ಸಾಕು.